ಅಕ್ಷರದಕ್ಕ ಬರೆದ ಬಂದರು ಬೀದಿ

ಅವಳನ್ನು ಎಲ್ಲರೂ ಅಕ್ಷರದಕ್ಕ ಎಂದೇ ಕರೆಯುತ್ತಿದ್ದರು. ಮರದಂಗಡಿಯವನು, ಬಣ್ಣದಂಗಡಿಯವನು, ಕೊನೆಗೆ ಅಂಚೆಯವನು ಕೂಡ. ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಅಪ್ಪ ಅಮ್ಮ ಇಟ್ಟ ಹೆಸರಿಗೆ ಕಾಗದ ಬಂದಾಗ ಅಂಚೆಯವನು ಬಾಗಿಲಲ್ಲಿ ನಿಂತು "ಈ ಹೆಸರಿನವರು ಯಾರಾದ್ರೂ ಇಲ್ಲಿದ್ದಾರಾ?" ಎಂದು ಅವಳನ್ನೇ ಕೇಳಿದ್ದ. ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವಳಾದ ತಂಗಿಗೆ ಅಂಥ ಹೆಸರೇನೂ ಬೀಳಲಿಲ್ಲ. ಅಕ್ಷರದಕ್ಕನ ತಂಗಿ ಎಂದರೆ ಸಾಕು, ಗುರುತು ಸಿಗುತ್ತಿತ್ತು. ತಂಗಿಗೂ ಅದರಲ್ಲಿ ಬೇಸರವಿರಲಿಲ್ಲ.

ಅಪ್ಪ ಬಾಗಿಲು ಕಿಟಕಿ ಮಾಡುತ್ತಿದ್ದ ಬಡಗಿ. ಮನೆಯ ಹಿಂದಿನ ಉದ್ದನೆಯ ತಗಡಿನ ಶೆಡ್ಡು, ಅದರೊಳಗಿನ ಕೆಲಸದ ಮೇಜು, ಉಳಿ, ಸುತ್ತಿಗೆ, ಕೀಸುಳಿ ಎಲ್ಲವೂ ತಂಗಿಯ ಪಾಲಿಗೆ ಬಂದವು. ಮರದ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ ಅದು ಮುಂದಿನ ಮಳೆಗಾಲಕ್ಕೆ ಯಾವ ಕಡೆ ಬಾಗುತ್ತದೆಂದು ಹೇಳುವ ಹೆಂಗಸು ಅವಳು. ಅಕ್ಕನಿಗೆ ಮರದ ಹುಚ್ಚಿರಲಿಲ್ಲ. ಹದಿನೇಳಕ್ಕೆ ಒಬ್ಬ ಬೋರ್ಡು ಬರೆಯುವ ಪೇಂಟರನ ಅಂಗಡಿ ಸೇರಿದಳು. ಆ ಗುರು ಮೂರು ತಿಂಗಳು ಅವಳಿಂದ 'ಅ' ಒಂದನ್ನೇ ಬರೆಸಿದನಂತೆ. ಬರೆದದ್ದನ್ನು ನೋಡುವನು, ಬೈಯುವನು, ಒರೆಸುವನು. ನಾಲ್ಕನೇ ತಿಂಗಳಿಗೆ ನೋಡಿ ಸುಮ್ಮನಾದನಂತೆ. ಅವತ್ತು ಮನೆಗೆ ಬಂದ ಅಕ್ಕ "ಇವತ್ತು ಬೈಗುಳ ಬೀಳ್ಲಿಲ್ಲ ಕಣೇ, ಹೊಟ್ಟೆನೇ ತುಂಬ್ಲಿಲ್ಲ" ಎಂದು ತಂಗಿಯ ತಟ್ಟೆಯಿಂದಲೂ ಎತ್ತಿಕೊಂಡು ತಿಂದಿದ್ದಳು.

ಆಮೇಲೆ ಯಂತ್ರದಲ್ಲಿ ಅಚ್ಚಾಗುವ ಪ್ಲಾಸ್ಟಿಕ್ ಬೋರ್ಡುಗಳು ಬಂದವು. ಪೇಂಟರುಗಳು ಒಬ್ಬೊಬ್ಬರಾಗಿ ಕುಂಚ ಕೆಳಗಿಟ್ಟರು. ಒಬ್ಬ ಚಹಾ ಅಂಗಡಿ ಇಟ್ಟ, ಇನ್ನೊಬ್ಬ ಗೋದಾಮಿನ ಕಾವಲಿಗೆ ಹೋದ. ಅಕ್ಕ ಎಂಟು ತಿಂಗಳು ಖಾಲಿ ಕೂತಳು. ಆಗ ಒಂದು ಮೃಗಾಲಯದವರು ಬಂದರು. ರಾತ್ರಿ ಸಂಚಾರದ ಪ್ರಾಣಿಗಳಿಗಾಗಿ ಮಬ್ಬುಗತ್ತಲಿನ ಕಾಡೊಂದನ್ನು ಕಟ್ಟಿದ್ದರು. ಎಲ್ಲ ಚೆನ್ನಾಗಿತ್ತು, ಆದರೆ ಹೊಳೆಯುವ ಪ್ಲಾಸ್ಟಿಕ್ ಬೋರ್ಡು ಕಂಡ ಕೂಡಲೇ ಕಾಡು ಹೋಗಿ ಆಸ್ಪತ್ರೆಯ ಪಡಸಾಲೆಯಾಗುತ್ತಿತ್ತು. ಅಕ್ಕ ತಂಗಿ ಸೇರಿ ಅಲ್ಲಿಗೆ ಬೋರ್ಡು ಮಾಡಿಕೊಟ್ಟರು. ಸೀಳಿದ ದಿಮ್ಮಿಯ ಮೇಲೆ, ತೋಳು ನೋಯುತ್ತಿರುವ ಅರಣ್ಯರಕ್ಷಕ ಅವಸರದಲ್ಲಿ ಬರೆದಂಥ ಅಕ್ಷರ. ನೋಡಿದವರು ಅದನ್ನು ಬೋರ್ಡೆಂದು ಗಮನಿಸಲೂ ಇಲ್ಲ, ಓದಿಕೊಂಡು ಸರಿಯಾದ ದಾರಿ ಹಿಡಿದರು. ಅದಾದ ಮೇಲೆ ಕೆಲಸಕ್ಕೆ ಬರಗಾಲ ಬರಲಿಲ್ಲ. ಮಕ್ಕಳು ದಾರಿ ತಪ್ಪಿ ಆಡುವ ಗಿಡಗಳ ಚಕ್ರವ್ಯೂಹ, ಹಳೇ ಹಡಗಿನ ವಸ್ತುಸಂಗ್ರಹಾಲಯ, ಗುಹೆಯೊಳಗೆ ನಡೆಸಿಕೊಂಡು ಹೋಗುವ ಪ್ರದರ್ಶನ, ಹೀಗೆ ಇಪ್ಪತ್ತೆರಡು ವರ್ಷ.

ಹೊಸ ಜಾಗಕ್ಕೆ ಹೋದರೆ ಅಕ್ಕ ಅಲ್ಲಿ ಮೂರು ಸಲ ನಡೆಯುತ್ತಿದ್ದಳು. ಒಮ್ಮೆ ಸುಮ್ಮನೆ. ಒಮ್ಮೆ ಮಂಡಿ ಬಗ್ಗಿಸಿ, ಐದು ವರ್ಷದ ಮಗುವಿನ ಎತ್ತರಕ್ಕೆ. ಮೂರನೆಯ ಸಲ ಬಿರಬಿರನೆ, ಮುಖ ಗಂಟಿಕ್ಕಿಕೊಂಡು. ಕೇಳಿದವರಿಗೆ "ಈಗ ನಾನು ಮಗೂಗೆ ಒಂದಕ್ಕೆ ಅವಸರ ಆಗಿರೋ ತಾಯಿ" ಎನ್ನುತ್ತಿದ್ದಳು. "ಶೌಚಾಲಯದ ಬಾಣ ತಪ್ಪಿತು ಅಂದ್ರೆ ನಿಮ್ಮ ಕಾಡು, ನಿಮ್ಮ ಗುಹೆ, ನನ್ನ ಅಕ್ಷರ, ಎಲ್ಲಾ ಹೊಳೆಗೆ ಹಾಕಿದ ಹಾಗೆ." ಅವಳು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಬಣ್ಣ ಒಣಗಲಿ, ನೋಡೋಣ" ಎನ್ನುತ್ತಿದ್ದಳು. ಶೆಡ್ಡಿನ ಪಕ್ಕದ ಕೋಣೆಯಲ್ಲಿ ಅವಳ ವಾಸ, ಊಟ ತಂಗಿಯ ಮನೆಯಲ್ಲಿ. ತಂಗಿಯ ಗಂಡ ಬಸ್ಸು ಓಡಿಸುತ್ತಿದ್ದ. ಅವನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

ಅಕ್ಕನಿಗೆ ಐವತ್ತೆಂಟಾದ ವರ್ಷ ಬಂದರು ಬೀದಿಯ ಕೆಲಸ ಬಂತು. ಪಾಳುಬಿದ್ದ ಹಗ್ಗದ ಕಾರ್ಖಾನೆಯೊಂದರ ಒಳಗೆ, ನೂರು ವರ್ಷದ ಹಿಂದಿನ ಬಂದರಿನ ಬೀದಿಯನ್ನೇ ಕಟ್ಟಿ ನಿಲ್ಲಿಸುವ ಯೋಜನೆ. ಮಂಜು, ದೀಪ, ಕಡಲಹಕ್ಕಿಗಳ ಕೂಗು. ಅಂಗಡಿಗಳಲ್ಲಿ ಆ ಕಾಲದ ಬಟ್ಟೆ ತೊಟ್ಟ ನಟರು. ಬಂದವರು ಟಿಕೆಟ್ಟು ತೋರಿಸಿ ಒಳಗೆ ಕಾಲಿಟ್ಟರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಅದನ್ನು ಮಾಡಿಸುತ್ತಿದ್ದವರು ಮೊದಲು ನಾಟಕಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದರು. ಎಲ್ಲರೂ ಅವರನ್ನು ಸೆಟ್ ಮೇಷ್ಟ್ರು ಎನ್ನುತ್ತಿದ್ದರು. ಅರವತ್ತನಾಲ್ಕು ಬೋರ್ಡು ಬೇಕು ಎಂದರು.

ಅಕ್ಕ ಒಂದು ವಾರ ಕುಂಚವನ್ನೇ ಮುಟ್ಟಲಿಲ್ಲ. ಎಂಟನೇ ದಿನ ಚಹಾ ಕುಡಿಯುತ್ತಾ ಹೇಳಿದಳು. "ಆ ಬೀದಿಯಲ್ಲಿ ಮೂರು ಜನ ಪೇಂಟರುಗಳಿದ್ರು ಕಣೇ."

"ಯಾವ ಬೀದಿ? ಯಾರು?"

"ನಮ್ಮ ಬಂದರು ಬೀದಿ. ಒಬ್ಬ ಕುಡುಕ, ಅವನ ಸಾಲು ಬಲಕ್ಕೆ ಹೋಗ್ತಾ ಹೋಗ್ತಾ ಇಳಿಯುತ್ತೆ. ಒಬ್ಬ ಜಂಬಗಾರ, ಏನ್ ಬರೆದ್ರೂ ಸುತ್ತ ಬಂಗಾರದ ಗೆರೆ ಎಳೀದಿದ್ರೆ ಅವನಿಗೆ ನಿದ್ದೆ ಬರಲ್ಲ. ಇನ್ನೊಬ್ಬ ಪಾಪ, ವಯಸ್ಸಾದ ಮೇಲೆ ಅಕ್ಷರ ಕಲಿತೋನು. ಒಂದೊಂದನ್ನೂ ಮಗು ಇಟ್ಟ ಹಾಗೆ ಇಡ್ತಾನೆ."

ಹೀಗೆ ಮೂರು ಕೈಗಳಲ್ಲಿ ಬರೆಯತೊಡಗಿದಳು. ಗಡಿಯಾರ ರಿಪೇರಿಯವನ ಬೋರ್ಡು ಜಂಬಗಾರನದು, ಬಲೆಯ ಅಂಗಡಿಯದು ಕುಡುಕನದು, ಔಷಧದಂಗಡಿಯದು ತಡವಾಗಿ ಕಲಿತವನದು. ಅವಳು ಬರೆದು ಒಣಗಿಸಿದ್ದನ್ನು ತಂಗಿ ಹಳೆಯದು ಮಾಡುತ್ತಿದ್ದಳು. ತಂತಿಯ ಬ್ರಷ್ಷಿನಿಂದ ತಿಕ್ಕುವುದು, ಕಬ್ಬಿಣದ ಮೊಳೆ ನೆನೆಸಿಟ್ಟ ವಿನಿಗರ್ ಬಳಿದು ಮರವನ್ನು ಕಪ್ಪಾಗಿಸುವುದು, ಕೈ ತಾಗುವ ಕಡೆ ಬಣ್ಣ ಸವೆಸುವುದು. ಹೊಸ ಬಣ್ಣವನ್ನು ತಂಗಿ ಉಜ್ಜುವಾಗ ಅಕ್ಕ ಆ ಕಡೆ ತಿರುಗಿ ಕೂರುತ್ತಿದ್ದಳು. "ಹೆತ್ತ ಮಗೂಗೆ ಗಡ್ಡ ಅಂಟಿಸ್ತಿದ್ದೀಯಲ್ಲೇ" ಎನ್ನುವಳು. ನಲವತ್ತೆಂಟು ಬೋರ್ಡು ಮುಗಿದಿದ್ದವು. ಉಳಿದ ಹದಿನಾರಕ್ಕೆ ಪೆನ್ಸಿಲಿನ ನಕ್ಷೆ ತಯಾರಿತ್ತು.

ಒಂದು ಬೆಳಿಗ್ಗೆ ಅಕ್ಕ ಪತ್ರಿಕೆ ಹಿಡಿದು ಊಟದ ಮೇಜಿನ ಮುಂದೆ ಕೂತಿದ್ದಳು. ತಂಗಿ ಒಲೆಯ ಹತ್ತಿರವಿದ್ದಳು.

"ಇದ್ಯಾವ ಭಾಷೆ ಪೇಪರ್ ತರ್ಸಿದ್ದೀಯೇ?"

"ದಿನಾ ಬರೋದೇ."

"ಅಲ್ಲ, ಇದು ಬೇರೆ. ನೋಡು ಬಾ."

ತಂಗಿ ನಕ್ಕಳು. ಅಕ್ಕ ಇಂಥ ತಮಾಷೆ ಮಾಡುವವಳೇ. ಚಹಾದ ಲೋಟ ಮೇಜಿಗಿಟ್ಟು ನೋಡಿದರೆ ಅದೇ ಪತ್ರಿಕೆ. ಅಕ್ಕನ ಮುಖದಲ್ಲಿ ನಗು ಇರಲಿಲ್ಲ. ಅವಳು ಪತ್ರಿಕೆಯನ್ನು ತಿರುಗಿಸಿ ನೋಡಿದಳು, ಕನ್ನಡಕ ಒರೆಸಿಕೊಂಡು ನೋಡಿದಳು. ಲೋಟ ಅವಳ ಬಲಕ್ಕಿತ್ತು. ಅವಳು ಅದನ್ನು ಹುಡುಕುತ್ತಲೇ ಇದ್ದಳು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮೆತ್ತಗೆ ಮಾತಾಡುವವರು. ಮಿದುಳಿನ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಎರಡು ಕಣ್ಣಿಗೂ ಬಲಗಡೆಯ ನೋಟ ಹೋಗಿದೆ. ಕೈಕಾಲಿಗೆ ಏನೂ ಆಗಿಲ್ಲ, ಮಾತಿಗೂ ಏನೂ ಆಗಿಲ್ಲ. ಆಮೇಲೆ ಅಕ್ಕನ ಕೈಗೆ ಪೆನ್ನು ಕೊಟ್ಟು, ಮನಸ್ಸಿಗೆ ಬಂದ ಒಂದು ವಾಕ್ಯ ಬರೆಯಿರಿ ಎಂದರು. ಅಕ್ಕ ಬರೆದಳು. 'ನನ್ನ ತಂಗಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ.' ಅಕ್ಷರಗಳು ಮುತ್ತು ಪೋಣಿಸಿದ ಹಾಗಿದ್ದವು. ತಂಗಿಗೆ ಹೋದ ಜೀವ ಬಂದಂತಾಯಿತು.

ಡಾಕ್ಟರು ಅದನ್ನು ಮಡಚಿಟ್ಟು, ಅದೂ ಇದೂ ಮಾತಾಡಿ, ಐದು ನಿಮಿಷ ಬಿಟ್ಟು ಹಾಳೆಯನ್ನು ಮತ್ತೆ ಅಕ್ಕನ ಮುಂದೆ ಬಿಡಿಸಿಟ್ಟರು. "ಇದೇನಂತ ಓದ್ತೀರಾ?"

ಅಕ್ಕ ತುಂಬ ಹೊತ್ತು ನೋಡಿದಳು. "ಯಾರೋ ಕೈ ಪಳಗಿದೋರು ಬರ್ದಿದ್ದಾರೆ. ಏನು ಬರ್ದಿದ್ದಾರೋ ಗೊತ್ತಾಗ್ತಿಲ್ಲ, ತಾಯಿ."

ಬರೆಯಬಲ್ಲಳು, ಓದಲಾರಳು. ಹೀಗೂ ಆಗುವುದುಂಟು, ಬಹಳ ಅಪರೂಪ ಎಂದು ಡಾಕ್ಟರು ಹೇಳಿದರು. ಕೆಲವರಿಗೆ ಸ್ವಲ್ಪ ಸ್ವಲ್ಪ ಮರಳುತ್ತದೆ, ಕೆಲವರಿಗೆ ಇಲ್ಲ. ಮನೆಗೆ ಬರುವ ದಾರಿಯಲ್ಲಿ ಅಕ್ಕ ಬಸ್ಸಿನ ಕಿಟಕಿಯಿಂದ ಅಂಗಡಿಗಳ ಬೋರ್ಡುಗಳನ್ನೇ ನೋಡುತ್ತಿದ್ದಳು. ಒಂದು ಕಡೆ ಮಾತ್ರ "ಆ ಕೆಂಪು ಸರಿಯಿಲ್ಲ" ಎಂದಳು.

ಸೆಟ್ ಮೇಷ್ಟ್ರು ಬಂದು, ಉಳಿದ ಬೋರ್ಡುಗಳನ್ನು ಹೇಗಾದರೂ ಮಾಡಿಸಿಕೊಳ್ಳುತ್ತೇನೆ, ನೀವು ವಿಶ್ರಾಂತಿ ತಗೊಳ್ಳಿ ಅಕ್ಕ, ಎಂದರು. ಅಕ್ಕ ಒಪ್ಪಲಿಲ್ಲ. "ಕೈ ನೆಟ್ಟಗಿದೆ ಮೇಷ್ಟ್ರೇ. ಅಕ್ಷರ ನನ್ನ ಕೈಯಲ್ಲಿದೆ, ಕಣ್ಣಲ್ಲೇನಿದೆ? ಕಣ್ಣಿಗೆ ಇವಳಿದ್ದಾಳೆ." ತಂಗಿಯ ಭುಜ ಹಿಡಿದು ಅಲ್ಲಾಡಿಸಿದಳು. "ಏನೇ, ಇರ್ತೀಯ ತಾನೇ?"

"ಇರ್ದೆ ಎಲ್ಲಿಗೆ ಹೋಗ್ಲಿ," ಎಂದಳು ತಂಗಿ.

ಕೆಲಸ ಶುರುವಾಯಿತು. ಬರೆಯಬೇಕಾದ ಮಾತನ್ನು ತಂಗಿ ಬಾಯಲ್ಲಿ ಹೇಳುತ್ತಿದ್ದಳು, ಅಕ್ಕ ಒಂದೇ ಓಟಕ್ಕೆ ಬರೆಯುತ್ತಿದ್ದಳು. ನಡುವೆ ನಿಲ್ಲುವಂತಿರಲಿಲ್ಲ. ನಿಂತರೆ ಎಲ್ಲಿಯವರೆಗೆ ಬರೆದೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಬರೆದಾದ ಅಕ್ಷರಗಳು ಅವಳ ಕಣ್ಣಿಗೆ ಬರೀ ಗೆರೆಗಳು. ಒಮ್ಮೆ ಹಾಲಿನವನು ಬಾಗಿಲು ಬಡಿದದ್ದಕ್ಕೆ 'ಹಡಗಿನ ಕ' ಎನ್ನುವಲ್ಲಿಗೆ ಕುಂಚ ನಿಂತುಹೋಗಿ, ಇಡೀ ಹಲಗೆಯನ್ನು ಮತ್ತೆ ಉಜ್ಜಬೇಕಾಯಿತು. ಅಂದಿನಿಂದ ತಂಗಿ ಅಕ್ಕ ಬರೆಯುವಷ್ಟು ಹೊತ್ತೂ ಶೆಡ್ಡಿನ ಹೊರಗೆ ಸ್ಟೂಲು ಹಾಕಿಕೊಂಡು ಕೂತು, ಬಂದವರನ್ನೆಲ್ಲ ತುಟಿಯ ಮೇಲೆ ಬೆರಳಿಟ್ಟು ಹಿಂದಕ್ಕೆ ಕಳಿಸುತ್ತಿದ್ದಳು.

ಮೊದಲ ತಪ್ಪು ಒಂದು ಒತ್ತಕ್ಷರ. 'ಹಗ್ಗ ಮತ್ತು ಲಾಟೀನು' ಎಂದು ತಂಗಿ ಹೇಳಿದ್ದಳು. ಹಲಗೆಯ ಮೇಲೆ 'ಹಗ ಮತ್ತು ಲಾಟೀನು' ಎಂದಿತ್ತು. ಅಕ್ಕ ಕುಂಚ ಒರೆಸುತ್ತಾ "ಹೇಗಿದೆ?" ಎಂದು ಕೇಳಿದಳು. ಆ ದಿನ ಅಕ್ಕನ ಮುಖದಲ್ಲಿ ಎರಡು ವಾರದ ಮೇಲೆ ಮೊದಲ ಬಾರಿ ಹಳೆಯ ಕಳೆ ಇತ್ತು. ತಂಗಿ "ಚೆನ್ನಾಗಿದೆ" ಎಂದುಬಿಟ್ಟಳು. ಅಕ್ಕ ಮಧ್ಯಾಹ್ನ ಮಲಗಿದಾಗ ಸಣ್ಣ ಕುಂಚ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಆ ಒಂದು ಒತ್ತನ್ನು ತಾನೇ ಸೇರಿಸಿದಳು. ಒಂದು ಒತ್ತು ತಾನೇ, ಎಂದುಕೊಂಡಳು.

ಆಮೇಲೆ ಬಲತುದಿಯ ಅಕ್ಷರಗಳು ಇಕ್ಕಟ್ಟಾಗತೊಡಗಿದವು, ಕೆಲವೊಮ್ಮೆ ಹಲಗೆಯಿಂದಾಚೆ ಬಿದ್ದುಹೋಗುತ್ತಿದ್ದವು. ಒಂದು ಕಡೆ ಕೊಂಬು ತಪ್ಪಿತು. ಇನ್ನೊಂದು ಕಡೆ ಒಂದೇ ಅಕ್ಷರ ಎರಡು ಸಲ ಬಂತು. ಪ್ರತಿ ಸಲವೂ ಅಕ್ಕ ಕೇಳುತ್ತಿದ್ದಳು, ತಂಗಿ ಚೆನ್ನಾಗಿದೆ ಎನ್ನುತ್ತಿದ್ದಳು, ಮಧ್ಯಾಹ್ನ ತಿದ್ದುತ್ತಿದ್ದಳು. ಇಂದು ಹೇಳೋಣ, ನಾಳೆ ಹೇಳೋಣ ಎಂದು ಏಳು ಬೋರ್ಡುಗಳಾದವು. ಗಂಡನಿಗೂ ಹೇಳಲಿಲ್ಲ.

ಎಂಟನೆಯದು ಸುಂಕದ ಕಟ್ಟೆಯ ಬೋರ್ಡು, ಇನ್ನೂ ಬರೆಯಲು ಶುರುಮಾಡಿರಲಿಲ್ಲ. ಅವತ್ತು ಮಧ್ಯಾಹ್ನ ತಂಗಿ ಮರ ನೋಡಲು ಹೋಗಿದ್ದಳು. ವಾಪಸು ಬಂದಾಗ ಅಕ್ಕ ಶೆಡ್ಡಿನಲ್ಲಿ ಒಣಗಲು ಮಲಗಿಸಿದ್ದ ಹಲಗೆಗಳ ನಡುವೆ ನಿಂತಿದ್ದಳು. ಹಗ್ಗದಂಗಡಿಯ ಬೋರ್ಡಿನ ಮೇಲೆ ಅವಳ ತೋರುಬೆರಳಿತ್ತು.

"ಇದು ಯಾರ ಕೈ?"

"ಯಾವ್ದು ಅಕ್ಕ?"

"ಆಟ ಆಡ್ಬೇಡ. ಈ ಕೆಳಗಿರೋದು. ಇದೇನು ಅಕ್ಷರ ಅಂತ ನಂಗೆ ಗೊತ್ತಿಲ್ಲ. ಆದ್ರೆ ನಾನು ಕುಂಚ ಎತ್ತೋವಾಗ ಹೀಗೆ ಮೊಂಡಾಗಿ ನಿಲ್ಸಲ್ಲ. ಇದು ನಾನು ಬರ್ದಿದ್ದಲ್ಲ."

ತಂಗಿಗೆ ಸುಳ್ಳು ಹೇಳಲು ಏನೂ ಉಳಿದಿರಲಿಲ್ಲ.

"ಎಷ್ಟು ಬೋರ್ಡು?"

"ಏಳು."

ಅಕ್ಕ ಹತ್ತಿರವಿದ್ದ ಸ್ಟೂಲಿನ ಮೇಲೆ ಕೂತಳು. ಕೂರುವಾಗ ಬಲಗಡೆ ಇದ್ದ ಮೇಜಿನ ಮೂಲೆ ಕಾಣದೆ ಸೊಂಟಕ್ಕೆ ಬಡಿಯಿತು. ತಂಗಿ ಹಿಡಿಯಲು ಹೋದಳು. ಅಕ್ಕ ಕೈ ಕೊಡವಿದಳು.

"ನಿಂಗೆ ಬೇಜಾರಾಗುತ್ತೆ ಅಂತ…"

"ತಪ್ಪಾಗಿದೆ ಅಂದಿದ್ರೆ ಬೇಜಾರಾಗ್ತಿತ್ತು. ಒಂದು ಗಳಿಗೆ. ಆಮೇಲೆ ತಿದ್ತಾ ಇದ್ದೆ. ಗುರುಗಳ ಹತ್ರ ನಾನು ತಿಂದಿರೋ ಬೈಗುಳ ಒಂದಾ ಎರಡಾ? ಆದ್ರೆ ಅವರು ಯಾವತ್ತೂ ನನ್ನ ಬೆನ್ನ ಹಿಂದೆ ತಿದ್ಲಿಲ್ಲ ಕಣೇ." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ದಿನಾ ಹೇಗಿದೆ ಅಂತ ಕೇಳ್ದೆ. ದಿನಾ ಚೆನ್ನಾಗಿದೆ ಅಂದೆ ನೀನು. ಗೋಡೆ ಮೇಲೆ ಗೀಚಿದ ಮಗೂಗೆ ಹೇಳ್ತಾರಲ್ಲ, ಹಾಗೆ. ನಾನು ಅದನ್ನ ನಂಬಿ ರಾತ್ರಿ ಸುಖವಾಗಿ ಮಲಗ್ತಿದ್ದೆ."

"ಅಕ್ಕ, ನಾನು…"

"ಈಗ ನೀನು ಏನ್ ಹೇಳಿದ್ರೂ ನಿಜವೋ ಸುಳ್ಳೋ ನಂಗೆ ಹೇಗೆ ಗೊತ್ತಾಗ್ಬೇಕು? ಓದಿ ನೋಡೋಕೆ ನಂಗೆ ಬರುತ್ತಾ?"

ಅಕ್ಕ ಎದ್ದು ತನ್ನ ಕುಂಚಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದಳು, ಅವುಗಳ ಕೂದಲು ನೇರಮಾಡಿ ಬಟ್ಟೆಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟಳು. "ಉಳಿದದ್ದು ನೀನೇ ಬರಿ. ನಕ್ಷೆ ಇದೆ," ಎಂದಳು. ಬಾಗಿಲು ದಾಟುವಾಗ ಬಲಭುಜ ಚೌಕಟ್ಟಿಗೆ ತಾಗಿತು. ಆಮೇಲೆ ಅವಳು ಮತ್ತೆಂದೂ ಕುಂಚ ಹಿಡಿಯಲಿಲ್ಲ.

ಒಂಬತ್ತು ಬೋರ್ಡುಗಳನ್ನು ತಂಗಿ ಬರೆದಳು. ಅಕ್ಕನ ಪೆನ್ಸಿಲ್ ನಕ್ಷೆಯನ್ನು ಹಲಗೆಗೆ ಇಳಿಸಿಕೊಂಡು, ಗೆರೆ ಬಿಟ್ಟು ಗೆರೆ ದಾಟದೆ. ಒಂದು ಬೋರ್ಡಿಗೆ ನಾಲ್ಕು ದಿನ ಹಿಡಿಯುತ್ತಿತ್ತು. ಕುಡುಕನ ಸಾಲು ಇಳಿಸಲು ಹೋದರೆ ಅದು ಕುಡುಕನದಾಗದೆ ಸೋತವನದಾಗುತ್ತಿತ್ತು. ಸೆಟ್ ಮೇಷ್ಟ್ರು ನೋಡಿ, ಅವನ್ನು ಎತ್ತರದಲ್ಲಿ, ದೀಪ ಮಂಕಾಗಿದ್ದ ಕಡೆ ಹಾಕಿಸಿದರು.

ಬೀದಿ ಜನರಿಗೆ ತೆರೆಯುವ ಹಿಂದಿನ ದಿನ, ಕೆಲಸ ಮಾಡಿದವರಿಗೂ ಅವರ ಮನೆಯವರಿಗೂ ಬೆಳಿಗ್ಗೆ ಒಂದು ಪ್ರದರ್ಶನವಿತ್ತು. ಅಕ್ಕ ಬರುವುದಿಲ್ಲ ಎಂದಿದ್ದಳು. ಮೇಷ್ಟ್ರು ಮನೆಗೇ ಬಂದು "ನೀವು ಬರ್ದೇ ಇದ್ರೆ ನಾನು ಬಾಗಿಲೇ ತೆಗೆಯಲ್ಲ ಅಕ್ಕ" ಎಂದು ಕೂತುಬಿಟ್ಟರು. ಅಕ್ಕ ಒಳ್ಳೆಯ ಬಟ್ಟೆ ಹಾಕಿಕೊಂಡು ಹೊರಟಳು. ಒಳಗೆ ಕಾಲಿಟ್ಟಾಗ ತಂಗಿಗೇ ಮೈ ಜುಮ್ಮೆಂದಿತು. ತಾನು ಉಜ್ಜಿದ ಹಲಗೆಗಳು, ತಾನು ಹೊಡೆದ ಮೊಳೆಗಳು, ಆದರೂ ಇದು ತನಗೆ ಗೊತ್ತಿದ್ದ ಜಾಗವಲ್ಲ. ನೆಲದಲ್ಲಿ ಒದ್ದೆ ಕಲ್ಲು, ದೀಪದ ಸುತ್ತ ಮಂಜು, ಮೇಲೆಲ್ಲ ಅಕ್ಕನ ಅಕ್ಷರ. ಅಕ್ಕ ತಲೆ ಎತ್ತಿಕೊಂಡು ನಡೆಯುತ್ತಿದ್ದಳು. ತಂಗಿ ಅವಳ ಬಲಗೈ ಹಿಡಿದಿದ್ದಳು. ಆ ಜಗಳದ ಮೇಲೆ ಅವಳು ಕೈ ಹಿಡಿಯಗೊಟ್ಟದ್ದು ಅದೇ ಮೊದಲು.

ಔಷಧದಂಗಡಿಯ ಮುಂದೆ ಮೇಷ್ಟ್ರು ಯಾರೋ ಅತಿಥಿಗಳನ್ನು ಕರೆತಂದು "ಇವರೇ ಮರದ ಕೆಲಸ ಮಾಡಿದವರು" ಎಂದು ತಂಗಿಯನ್ನು ಪರಿಚಯಿಸಿದರು. ಅತಿಥಿಗಳು ವಿನಿಗರಿನ ಬಗ್ಗೆ ಕೇಳಿದರು, ಮೊಳೆಯ ಬಗ್ಗೆ ಕೇಳಿದರು. ತಂಗಿ ಉತ್ಸಾಹದಿಂದ ಎರಡೂ ಕೈಯಾಡಿಸಿ ಹೇಳತೊಡಗಿದಳು. ಎರಡೂ ಕೈ. ತಿರುಗಿ ನೋಡುವಷ್ಟರಲ್ಲಿ ಅಕ್ಕ ಇರಲಿಲ್ಲ.

ಬೀದಿ ಉದ್ದವಿರಲಿಲ್ಲ, ಆದರೆ ಬೇಕೆಂದೇ ಸುತ್ತಿಬಳಸಿ ಕಟ್ಟಿದ್ದರು. ಮೂರು ಓಣಿ ಹುಡುಕಿ ನಾಲ್ಕನೆಯದಕ್ಕೆ ಬರುವಾಗ ತಂಗಿಗೆ ಅಕ್ಕನ ದನಿ ಕೇಳಿಸಿತು. ಗಡಿಯಾರ ರಿಪೇರಿಯವನ ಅಂಗಡಿಯ ಮುಂದೆ ಐದಾರು ಜನ ಸೇರಿದ್ದರು. ಒಳಗೆ ರಿಪೇರಿಯವನ ವೇಷದಲ್ಲಿದ್ದ ನಟ. ಏನೇ ಆದರೂ ಪಾತ್ರ ಬಿಡಬಾರದೆಂದು ನಟರಿಗೆಲ್ಲ ಹೇಳಿಕೊಟ್ಟಿದ್ದರು.

"ಹೊರಗೆ ಹೋಗೋ ದಾರಿ ಯಾವ ಕಡೆ ಅಪ್ಪ?" ಎಂದಳು ಅಕ್ಕ.

"ಅಯ್ಯೋ ತಾಯಿ, ಬಂದರಿಗೆ ಹೊಸಬರಾ? ಸ್ವಲ್ಪ ತಲೆ ಎತ್ತಿ ನೋಡಿ. ಇಷ್ಟು ದಪ್ಪ ಅಕ್ಷರದಲ್ಲಿ ಬರ್ದಿದ್ದಾರಲ್ಲ!"

ಅಕ್ಕ ತಲೆ ಎತ್ತಿ ನೋಡಿದಳು. ಹೊರದಾರಿ ತೋರಿಸುವ, ಬಂಗಾರದ ಗೆರೆಯ ಆ ಬೋರ್ಡನ್ನು ಕಾಯಿಲೆಗೆ ಮುಂಚೆ ಅವಳೇ ಬರೆದಿದ್ದಳು. "ಚೆನ್ನಾಗಿ ಬರ್ದಿದ್ದಾರೆ," ಎಂದಳು. "ಏನಂತ ಬರ್ದಿದ್ದಾರೆ?"

ನಟ ಇದೂ ಆಟವೇ ಎಂದುಕೊಂಡ. ಹಣೆಗೆ ಕೈ ಹಚ್ಚಿ ಜನರ ಕಡೆ ತಿರುಗಿ ಹೇಳಿದ. "ಓದೋಕೆ ಬರಲ್ವಾ ತಾಯಿ? ಚಿಂತೆ ಮಾಡ್ಬೇಡಿ, ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಬರಲ್ಲ!"

ಸುತ್ತ ನಿಂತವರು ಗೊಳ್ಳೆಂದು ನಕ್ಕರು.

"ಬರ್ತಿತ್ತಪ್ಪ," ಎಂದಳು ಅಕ್ಕ.

ತಂಗಿ ಜನರನ್ನು ಸರಿಸಿಕೊಂಡು ಹೋಗಿ ಅವಳ ಕೈ ಹಿಡಿದಳು. ನಟನಿಗೆ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಅವನ ಮುಖ ಇಳಿದುಹೋದದ್ದು ಮಾತ್ರ ನೆನಪಿದೆ. ಪಾಪ, ಅವನದೇನು ತಪ್ಪು. ಹೊರಗೆ ಬಿಸಿಲಿತ್ತು. ಅಕ್ಕ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡಳು.

"ಅದು ಆ ಜಂಬಗಾರನ ಗೆರೆ ಅಂತ ಗೊತ್ತಾಯ್ತು ಕಣೇ. ನಾನು ಬರ್ದಿದ್ದು ಅಂತಾನೂ ಗೊತ್ತಾಯ್ತು. ಏನು ಬರ್ದೆ ಅನ್ನೋದೊಂದು ಗೊತ್ತಾಗ್ಲಿಲ್ಲ."

ಆಮೇಲಿನ ದಿನಗಳಲ್ಲಿ ಅಕ್ಕ ಶೆಡ್ಡಿನ ಕಡೆ ಸುಳಿಯಲಿಲ್ಲ. ಮನೆಯ ಕೆಲಸ ಮಾಡುವಳು, ರೇಡಿಯೋ ಕೇಳುವಳು, ತಂಗಿಯ ಗಂಡನ ಜೊತೆ ಬಸ್ಸಿನ ಸುದ್ದಿ ಮಾತಾಡುವಳು, ತಂಗಿಯ ಜೊತೆಯೂ ಮಾತಾಡುವಳು. ಮಳೆ, ಬಿಸಿಲು, ಹಾಲಿನವನು. ಬಂದವರಿಗೆ ಇಬ್ಬರ ನಡುವೆ ಏನಾದರೂ ಇದೆಯೆಂದು ಗೊತ್ತಾಗುತ್ತಿರಲಿಲ್ಲ. ತಂಗಿಗೆ ಮಾತ್ರ, ಅಕ್ಕ ತನ್ನನ್ನು ಯಾವುದಕ್ಕೂ "ಹೇಗಿದೆ?" ಎಂದು ಕೇಳುವುದನ್ನೇ ಬಿಟ್ಟಿದ್ದಾಳೆಂದು ಗೊತ್ತಿತ್ತು.

ಡಾಕ್ಟರು ಒಂದು ಉಪಾಯ ಹೇಳಿಕೊಟ್ಟಿದ್ದರು. ಕಣ್ಣು ಓದದಿದ್ದರೂ ಚರ್ಮ ಓದಬಹುದು. ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದರೆ ಗುರುತು ಹತ್ತಬಹುದು. ಅಕ್ಕ ಹತ್ತು ತಿಂಗಳು ಅದಕ್ಕೆ ಕಿವಿಗೊಡಲಿಲ್ಲ. ಒಂದು ಮಧ್ಯಾಹ್ನ ರೇಡಿಯೋ ಕೆಟ್ಟಿತ್ತು. ಊಟವಾದ ಮೇಲೆ ಅವಳೇ ಎಡಗೈ ಮೇಜಿನ ಮೇಲೆ ಚಾಚಿ "ಬರಿ ನೋಡೋಣ" ಎಂದಳು. ತಂಗಿ ಮೇಜಿನ ಮೇಲಿದ್ದ ಪೊಟ್ಟಣ ನೋಡಿಕೊಂಡು ಬರೆದಳು. ಅಕ್ಕ ಕಣ್ಣು ಮುಚ್ಚಿದಳು.

"ಉ." ತುಂಬ ಹೊತ್ತು. "ಪ್ಪು. ಉಪ್ಪು!" ಕಣ್ಣು ಬಿಟ್ಟು ನಕ್ಕಳು. "ವರ್ಷ ಆದ್ಮೇಲೆ ಓದಿದ ಮೊದಲ್ನೇ ಮಾತು, ಹೋಗಿ ಹೋಗಿ ಉಪ್ಪು! ಇನ್ನೇನೂ ಸಿಗ್ಲಿಲ್ವೇನೇ ನಿಂಗೆ?"

ತಂಗಿಯೂ ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿತು, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಅಂದಿನಿಂದ ದಿನವೂ ಊಟದ ಮೇಲೆ ಅರ್ಧ ಗಂಟೆ ಅದೇ ಪಾಠ. ಪತ್ರಿಕೆಯ ಒಂದು ತಲೆಬರಹಕ್ಕೆ ಒಂದು ಮಧ್ಯಾಹ್ನ ಬೇಕಾಗುತ್ತಿತ್ತು. "ಇಷ್ಟು ಕಷ್ಟಪಟ್ಟು ಓದಿದ್ದು ಇಂಥ ದರಿದ್ರ ಸುದ್ದಿಗಾ?" ಎಂದು ಅಕ್ಕ ಗೊಣಗುವಳು.

ಒಂದು ದಿನ ತಂಗಿ ಪತ್ರಿಕೆ ನೋಡದೆ ಬರೆಯಲು ಶುರುಮಾಡಿದಳು. ಬೆಳಿಗ್ಗೆಯಿಂದ ಅದನ್ನೇ ಎದೆಯಲ್ಲಿ ಇಟ್ಟುಕೊಂಡಿದ್ದಳು. 'ತಪ್ಪಾಯ್ತು' ಎಂದು ಬರೆಯಬೇಕು. ಮೂರೇ ಅಕ್ಷರ.

"ತ," ಎಂದಳು ಅಕ್ಕ.

ಎರಡನೆಯದನ್ನು ತಂಗಿ ನಿಧಾನವಾಗಿ, ಒತ್ತು ಸ್ಪಷ್ಟವಾಗುವಂತೆ ಬರೆದಳು.

"ಪ್ಪಾ." ಅಕ್ಕ ಕಣ್ಣು ಮುಚ್ಚಿಕೊಂಡೇ ಇದ್ದಳು.

ಮೂರನೆಯದರ ಮೊದಲ ಗೆರೆ ಎಳೆಯುವಷ್ಟರಲ್ಲಿ ಅಕ್ಕನ ಬೆರಳುಗಳು ಮಡಚಿಕೊಂಡವು. ತಂಗಿಯ ಬೆರಳು ಆ ಮುಷ್ಟಿಯ ಒಳಗೇ ಸಿಕ್ಕಿಕೊಂಡಿತು. ಒಂದು ಕ್ಷಣ ಹಾಗೇ ಇದ್ದು, ಅಕ್ಕ ಕೈ ಬಿಡಿಸಿಕೊಂಡಳು. "ಸಾಕು ಇವತ್ತಿಗೆ. ಸುಸ್ತಾಯ್ತು," ಎಂದು ಎದ್ದು ತನ್ನ ಕೋಣೆಗೆ ಹೋದಳು.

ಅವಳಿಗೆ ಗೊತ್ತಾಯಿತೋ ಇಲ್ಲವೋ. ಗೊತ್ತಾಗಿ ಕೇಳಲು ಇಷ್ಟವಿಲ್ಲದೆ ಎದ್ದಳೋ, ಕೇಳುವ ಅಗತ್ಯವೇ ಇಲ್ಲವೆಂದು ಎದ್ದಳೋ, ನಿಜವಾಗಿಯೇ ಸುಸ್ತಾಗಿತ್ತೋ. ಮರುದಿನ ಕೇಳೋಣವೆಂದರೆ ಧೈರ್ಯ ಬರಲಿಲ್ಲ. ಪಾಠ ಮುಂದುವರಿಯಿತು, ಪತ್ರಿಕೆ ನೋಡಿಕೊಂಡೇ. ಒಂಬತ್ತನೆಯ ದಿನ ಅಕ್ಕ ಸ್ನಾನದ ಮನೆಯಲ್ಲಿ ಬಿದ್ದಳು. ಈ ಸಲ ಹೊಡೆತ ದೊಡ್ಡದು. ಬಲಗೈ ಹೋಯಿತು, ಮಾತು ಹೋಯಿತು. ತಂಗಿ ಎಡ ಅಂಗೈ ಮೇಲೆ ಬರೆದರೆ ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಎರಡು ತಿಂಗಳು ಹಾಗಿದ್ದು, ಒಂದು ಮಧ್ಯಾಹ್ನ ತಂಗಿ ಔಷಧಿ ತರಲು ಹೋಗಿದ್ದಾಗ ಹೋಗಿಬಿಟ್ಟಳು. ಆಗ ಪಕ್ಕದಲ್ಲಿ ತಂಗಿಯ ಗಂಡ ಇದ್ದ.

ಸೆಟ್ ಮೇಷ್ಟ್ರು ಬಂದು, ಬಂದರು ಬೀದಿಯ ಬಾಗಿಲಲ್ಲಿ ಅಕ್ಕನ ಹೆಸರಿನದೊಂದು ಬೋರ್ಡು ಹಾಕಿಸೋಣ ಎಂದರು. ತಂಗಿ ಬೇಡವೆಂದಳು. ಅಕ್ಕ ತಾನು ಬರೆದ ಯಾವುದಕ್ಕೂ ಹೆಸರು ಹಾಕಿದವಳಲ್ಲ ಎಂದಳು. ಅದೂ ನಿಜವೇ. ಆ ಬೋರ್ಡನ್ನು ತಾನೇ ಬರೆಯಬೇಕಾಗುತ್ತದೆ ಎಂಬ ಹೆದರಿಕೆಯೂ ಅಷ್ಟೇ ನಿಜ.

ಎಷ್ಟೋ ದಿನಗಳಾದ ಮೇಲೆ, ಅಡುಗೆಮನೆಯಲ್ಲಿ ಕೂತು, ಅವಳು ಗಂಡನಿಗೆ ಎಲ್ಲ ಹೇಳಿಕೊಂಡಳು. ಏಳು ಬೋರ್ಡು, ಎಂಟನೆಯದು, ಅಂಗೈ ಮೇಲಿನ ಎರಡೂವರೆ ಅಕ್ಷರ. ಅವನು ಸಾಧು ಮನುಷ್ಯ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಆಮೇಲೆ, ಏನೂ ಚುಚ್ಚುವ ಮನಸ್ಸಿಲ್ಲದೆ, ತಿಳಿಯದ್ದನ್ನು ಕೇಳುವವನ ಹಾಗೆ ಕೇಳಿದ.

"ತಪ್ಪಾಯ್ತು ಅಂತ ಬಾಯಲ್ಲೇ ಹೇಳ್ಬಹುದಿತ್ತಲ್ಲ? ಅಕ್ಕನಿಗೆ ಕಿವಿ ಚೆನ್ನಾಗೇ ಕೇಳಿಸ್ತಿತ್ತು."

ತಂಗಿ ಲೋಟ ತೊಳೆದಿಟ್ಟು ಶೆಡ್ಡಿಗೆ ಹೋದಳು. ಹಕ್ಕಿಗಳ ತೋಟವೊಂದರ ಕೆಲಸ ಬಂದಿತ್ತು, ಹನ್ನೆರಡು ಹಲಗೆ. ಮೊದಲನೆಯದನ್ನು ಮೇಜಿನ ಮೇಲಿಟ್ಟು ಕೀಸತೊಡಗಿದಳು.